ಅಂಟಿಸಿದ ಮೀಸೆ

ಹುಕ್ಕೇರಿಯಿಂದ ಗೋಕಾಕಕ್ಕೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ನೀವು ಹೊರಗೆ ನೋಡುತ್ತೀರೋ, ಪುಸ್ತಕ ತೆಗೆಯುತ್ತೀರೋ? ನಾನಂತೂ ಪುಸ್ತಕದವನು. ಅದೂ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಇದ್ದರೆ ಊರು ಬಂದದ್ದನ್ನು ಕಂಡಕ್ಟರನೇ ಹೇಳಬೇಕು. ಮೊನ್ನೆ ಬಾಜೂಕ ಕೂತ ಕಾಲೇಜು ಹುಡುಗ ಹೆಗಲ ಮೇಲಿಂದ ಎರಡು ಪುಟ ಓದಿ ಕೇಳಿದ: “ಕಾಕಾ, ಪತ್ತೇದಾರ ಬರೇ ಮೀಸಿ ಹಚ್ಚಿಕೊಂಡ್ರ ಕಳ್ಳರಿಗೆ ಗುರುತ ಸಿಗೂದಿಲ್ಲೇನ್ರಿ?”

ಸಿಕ್ಕೇ ಸಿಗುತ್ತದೆ. ಆದರೆ ಇದೇ ಪ್ರಶ್ನೆಯನ್ನು ಹುಡುಗನಿದ್ದಾಗ ನಾನೂ ನಮ್ಮ ಸೋದರಮಾವನಿಗೆ ಕೇಳಿದ್ದೆ. ಮೂಡಲಗಿ ಕಡೆಯ ಮನುಷ್ಯ, ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಹಚ್ಚುತ್ತಲೇ ಹೇಳಿದ: “ತಮ್ಮಾ, ಪಾರಿಜಾತದಾಗ ಕೃಷ್ಣ ಕೊರವಂಜಿ ಆಗಿ ಸೀರಿ ಉಟ್ಟು ಬಂದಾಗ ಬೆಳತನಕ ಕುಂತು ನೋಡಿದಿ. ಇಲ್ಲೆ ಒಂದು ಮೀಸಿಗೆ ಯಾಕ ತಕರಾರ ತಗೀತಿ?”

ಪಾರಿಜಾತ ಅಂದಮೇಲೆ ಅಲ್ಲಿ ಸ್ವಲ್ಪ ನಿಲ್ಲದೆ ಮುಂದೆ ಹೋಗುವುದು ಹೇಗೆ? ಶ್ರೀಕೃಷ್ಣ ಪಾರಿಜಾತವನ್ನು ಆಟವಾಗಿ ಕಟ್ಟಿ ಬೆಳೆಸಿದ ತಮ್ಮಣ್ಣ ಈ ಸೀಮೆಯ ಕುಲಗೋಡದವನು. ಅದನ್ನು ಹಾಡಿ ಕುಣಿದು ಊರೂರಿಗೆ ಮುಟ್ಟಿಸಿದ ನಿಂಗಮ್ಮ ಕೌಜಲಗಿಯವಳು. ನಮ್ಮ ಅಜ್ಜಿ ಕಂಬಳಿ ಹೊದ್ದು ಕೂತು, ವೇಷ ಯಾರದೆಂದು ಚೆನ್ನಾಗಿ ಗೊತ್ತಿದ್ದೂ, ಸತ್ಯಭಾಮೆಗಿಂತ ಹೆಚ್ಚು ಕಾತರದಿಂದ ಕಣಿ ಕೇಳುತ್ತಿದ್ದಳು. ಅದು ಮೋಸ ಹೋಗುವುದಲ್ಲ, ಆಟದಲ್ಲಿ ತಾನೂ ಕೂಡುವುದು.

ಹಾಂ, ನರಸಿಂಹಯ್ಯನವರು. ಓದಿದ್ದು ನಾಲ್ಕನೆಯ ತರಗತಿವರೆಗೆ, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಎಂದು ಅವರ ಪತ್ತೇದಾರರ ಹೆಸರು ಹೇಳುತ್ತಿದ್ದರೆ ಒಂದು ಕಾಲದ ಗೆಳೆಯರ ಹಾಜರಿ ಕರೆದ ಹಾಗಿರುತ್ತದೆ. 2011ರಲ್ಲಿ ಅವರು ತೀರಿಕೊಂಡರು. ಕನ್ನಡ ಓದುವ ಚಟ ಎಷ್ಟು ಮಂದಿಗೆ ಅವರಿಂದ ಹತ್ತಿತೋ! ದೊಡ್ಡ ಸಾಹಿತ್ಯದ ಮನೆಗೆ ನನ್ನನ್ನು ಕೈಹಿಡಿದು ಕರೆತಂದವನು ಪುರುಷೋತ್ತಮನೇ. ನಮ್ಮದೇ ಗೋಕಾಕ ಸೀಮೆಯ ಬಸವರಾಜ ಕಟ್ಟೀಮನಿಯವರನ್ನು ಓದಿದ್ದೂ ಆಮೇಲೆಯೇ.

ಇಂಥ ಓದು ನಮ್ಮಲ್ಲಿ ಮಾತ್ರ ಅಂತಲೂ ಅಲ್ಲ. ಅಮೆರಿಕದ ಜಾನೆಟ್ ಇವಾನೊವಿಚ್ 1994ರಲ್ಲಿ ಸ್ಟೆಫನಿ ಪ್ಲಮ್ ಎಂಬವಳ ಕಥೆ ಶುರುಮಾಡಿದಳು. ಮೂವತ್ತು ಪುಸ್ತಕ ಬಂದರೂ ಸ್ಟೆಫನಿಗೆ ವಯಸ್ಸಾಗಿಲ್ಲ. ಅವಳ ಕಾರುಗಳು ಒಂದಾದ ಮೇಲೊಂದು ಸುಟ್ಟುಹೋಗುತ್ತವೆ, ಅವಳ ಅಜ್ಜಿ ಶವ ನೋಡಲು ಹಬ್ಬಕ್ಕೆ ಹೋದಷ್ಟು ಉಮೇದಿಯಿಂದ ಹೋಗುತ್ತಾಳೆ. ನಂಬಲಾಗದ್ದು ನಿಜ. ಆದರೂ ಮುಂದಿನ ಪುಸ್ತಕಕ್ಕೆ ಜನ ಕಾಯುತ್ತಾರೆ. ಸಂಬಂಧಿಕರ ಮನೆಗೆ ಹೋಗುವಾಗ ಅವರು ಹೊಸದೇನು ಹೇಳಿಯಾರು ಎಂದು ಲೆಕ್ಕ ಹಾಕಿ ಹೋಗುತ್ತೇವೆಯೇ?

ನಮ್ಮ ಮನೆಯಲ್ಲೊಮ್ಮೆ ಬಾಡಿಗೆಗೆ ತಂದ ಪುಸ್ತಕದ ಕೊನೆಯ ಹಾಳೆಯೇ ಇರಲಿಲ್ಲ. ರಟ್ಟಿಗೆ ಅಂಟಿಕೊಂಡು ಉಳಿದ ಎರಡು ಬೆರಳಗಲದ ಚೂರಿನಲ್ಲಿ ಓದಲು ಬರುತ್ತಿದ್ದದ್ದು ‘ಆದ್ದರಿಂದ’ ಎಂಬ ಒಂದೇ ಮಾತು. ಆ ರಾತ್ರಿ ಊಟಕ್ಕೆ ಕೂತಾಗ ಕೊಲೆಗಾರ ಯಾರೆಂದು ಅವ್ವ ಒಂದು ಹೇಳಿದಳು, ಮಾವ ಇನ್ನೊಂದು, ಅಜ್ಜಿಯಂತೂ ಪತ್ತೇದಾರನ ಮೇಲೆಯೇ ಸಂಶಯಪಟ್ಟಳು. ರೊಟ್ಟಿ ಆರಿಹೋಯಿತು, ಮಾತು ಆರಲಿಲ್ಲ. ಅಂಥ ಊಟ ಮತ್ತೊಂದು ನೆನಪಿಲ್ಲ ನನಗೆ.

ಹುಡುಗನಿಗೆ ಇಷ್ಟೆಲ್ಲ ಹೇಳುವಷ್ಟರಲ್ಲಿ ಗೋಕಾಕ ಬಂತು. ಅವನು ಮಾತಾಡದೆ ಪುಸ್ತಕಕ್ಕೆ ಕೈ ಚಾಚಿದ, ಕೊಟ್ಟೆ. ನಿಮ್ಮ ಅಟ್ಟದ ಮೇಲೂ ಹಳೇ ಪುರುಷೋತ್ತಮನೋ ಅರಿಂಜಯನೋ ಇದ್ದರೆ ರದ್ದಿಗೆ ಹಾಕಬೇಡಿ. ಓದುವ ವಯಸ್ಸಿನ ಯಾರಿಗಾದರೂ ಕೊಡಿ.