ಅಲೈನ್‌ಮೆಂಟ್ ಆಮೇಲೆ

ಸ್ಟಿಯರಿಂಗ್‌ನಲ್ಲಿ ಪ್ಲೇ (ಸಡಿಲ) ಬಂದ ಕಾರನ್ನು ನೇರ ಅಲೈನ್‌ಮೆಂಟ್‌ಗೆ ಒಯ್ಯುವುದು ದುಡ್ಡು ದಂಡ. ಅಲ್ಲಿ ಸರಿಪಡಿಸುವುದು ಚಕ್ರದ ಕೋನವನ್ನು. ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಸವೆದಿದ್ದರೆ ಆ ಕೋನ ಮೊದಲ ಗುಂಡಿಯಲ್ಲೇ ಬದಲಾಗುತ್ತದೆ. ಮುಂದಿನ ಚಕ್ರವನ್ನು ಜಾಕ್‌ನಿಂದ ಎತ್ತಿ, ಎಡ-ಬಲ ಅಂಚು ಹಿಡಿದು ಅಲುಗಾಡಿಸಿ: ಕಟಕಟ ಎಂದರೆ ಅನುಮಾನ ಟೈ ರಾಡ್ ಅಥವಾ ರ‍್ಯಾಕ್ ಮೇಲೆ. ಮೇಲೆ-ಕೆಳಗೆ ಹಿಡಿದಾಗಲೂ ಆಡಿದರೆ ಬಾಲ್ ಜಾಯಿಂಟ್ ಇಲ್ಲವೇ ಬೇರಿಂಗ್. (ಹರಿದ ರಬ್ಬರ್ ಬೂಟ್, ಅದರಿಂದ ಇಣುಕುವ ಕಪ್ಪು ಗ್ರೀಸ್ ಕಂಡರೆ ಅರ್ಧ ಉತ್ತರ ಸಿಕ್ಕಂತೆ.) ‘ರ‍್ಯಾಕ್ ಸ್ಕ್ರೂ ಬಿಗಿ ಮಾಡಿದರೆ ಸಾಕು’ ಎನ್ನುವವರಿದ್ದಾರೆ. ಪ್ಲೇ ಕಡಿಮೆಯಾದೀತು, ನಿಜ. ಆದರೆ ಅತಿಯಾಗಿ ಬಿಗಿದರೆ ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ, ಸವೆದ ಜಾಯಿಂಟ್ ಹಾಗೇ ಉಳಿಯುತ್ತದೆ. ಅದು ಪೂರ್ತಿ ಕಳಚಿತೋ, ಆ ಚಕ್ರ ನಿಮ್ಮ ಮಾತು ಕೇಳುವುದಿಲ್ಲ. ಮೊದಲು ಸವೆದದ್ದನ್ನು ಬದಲಿಸಿ, ಅಲೈನ್‌ಮೆಂಟ್ ಆಮೇಲೆ ಮಾಡಿಸಿ.