24 ಗಂಟೆಯ ಸ್ಟೇಟಸ್



ಇದನ್ನ ಬರೀಬೇಕೋ ಬೇಡ್ವೋ ಅಂತ ಎರಡು ದಿನ ಯೋಚಿಸಿದೆ. ಅಕ್ಕನನ್ನು ಕೇಳಿ, ಊರಿನ ಹೆಸರು ಬಿಟ್ಟು ಬರೀತಿದ್ದೀನಿ.

ಏಪ್ರಿಲ್ 14ಕ್ಕೆ ನಾನೂ ಬಾಬಾಸಾಹೇಬರ ಫೋಟೋ ಹಾಕಿದ್ದೆ, ಅಕ್ಕನ ಮಗನೂ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದ. ಒಂದೇ ಫೋಟೋ. ನಾನೇ ಅವನಿಗೆ ಕಳಿಸಿದ್ದು. ನನ್ನದಕ್ಕೆ ನಾನೂರು ಲೈಕ್ ಬಂತು. ಆಫೀಸಿನ ಕೆಲವರು ನೋಡಿಯೂ ನೋಡದಂಗೆ ಇದ್ರು, ಅಷ್ಟೇ. ತಿಂಗಳ ಕೊನೆಗೆ ಸಂಬಳ ಆಯ್ತು.

ಅವನು ಫೋಟೋ ಕೆಳಗೆ 'ನಾವು ಯಾರ ಆಳೂ ಅಲ್ಲ' ಅಂತ ಒಂದು ಸಾಲು ಬರೆದಿದ್ದ. ಅದನ್ನ ನೋಡಿದವರಲ್ಲಿ ಅಕ್ಕ ಕೂಲಿಗೆ ಹೋಗುವ ತೋಟದ ಯಜಮಾನರ ಮಗನೂ ಇದ್ದ. ಮಾರನೇ ದಿನ ಅಕ್ಕ ಬುತ್ತಿ ಕಟ್ಕೊಂಡು ಹೋದ್ರೆ, 'ಆಳಲ್ಲ ಅಂದ್ಮೇಲೆ ಕೂಲಿಗ್ಯಾಕೆ ಬಂದೆ' ಅಂತ ವಾಪಸ್ ಕಳಿಸಿದ್ದಾರೆ. ಅಕ್ಕಪಕ್ಕದ ತೋಟದವರೂ ಅವತ್ತಿಂದ ಕರೆದಿಲ್ಲ. ಹುಡುಗ ಸ್ಟೇಟಸ್ ಅಳಿಸಿಬಿಟ್ಟ. ಹಾಗೇ ಬಿಟ್ಟಿದ್ರೂ 24 ಗಂಟೆಗೆ ತಾನೇ ಹೋಗ್ತಿತ್ತು. ಅಕ್ಕನ ಕೂಲಿ ಮಾತ್ರ ವಾಪಸ್ ಬಂದಿಲ್ಲ.

ನಾನು ಫೋನಲ್ಲಿ ಕಾನೂನು ಹೇಳಿದೆ. ದೌರ್ಜನ್ಯ ತಡೆ ಕಾಯ್ದೆ 1989, ಅದಕ್ಕೆ 2015ರ ತಿದ್ದುಪಡಿ. ಆರ್ಥಿಕ ಬಹಿಷ್ಕಾರ ಹಾಕೋದೂ ಅಪರಾಧ, ಹಾಕ್ತೀವಿ ಅಂತ ಬೆದರಿಸೋದೂ ಅಪರಾಧ. ಅವನು ಎಲ್ಲಾ ಕೇಳಿಸ್ಕೊಂಡು ಅಂದ: 'ಮಾವ, ನಿಂಗೇನು, ಹಾಕಬೋದು. ನಿಂಗೆ ಸಂಬಳ ಬತ್ತದೆ. ನಮ್ಗೆ ಅವ್ವ ಸಂಜೆ ತಂದ್ರೇನೇ ಒಲೆ.'

ನನ್ನ ಹತ್ರ ಉತ್ತರ ಇರಲಿಲ್ಲ.

ಮೊಬೈಲ್ ಬಂದ್ಮೇಲೆ ಎಲ್ಲರೂ ಸಮ ಅಂತ ನಾವು ಭಾಷಣ ಮಾಡ್ತೀವಿ. 1920ರಲ್ಲಿ ಬಾಬಾಸಾಹೇಬರು 'ಮೂಕನಾಯಕ' ಶುರು ಮಾಡಿದಾಗ, ದುಡ್ಡು ಕೊಡ್ತೀವಿ ಅಂದ್ರೂ 'ಕೇಸರಿ' ಪತ್ರಿಕೆ ಅದರ ಜಾಹೀರಾತು ಹಾಕಲಿಲ್ಲ. ಇವತ್ತು ನಮ್ಮ ಮಾತು ಹಾಕೋಕೆ ಯಾರ ಪತ್ರಿಕೆಯೂ ಬೇಕಿಲ್ಲ, ನಿಜ. ಆದರೆ ಮಾತಾಡಿದ ಮೇಲೆ ಬೀಳುವ ದಂಡ ಗುಮಾಸ್ತನಿಗೆ ಒಂದು, ಕೂಲಿಯವಳಿಗೆ ಒಂದು. ನಮ್ಮೊಳಗೇ ಇರುವ ಈ ವರ್ಗವನ್ನ ನಾನು ಸರಿಯಾಗಿ ನೋಡಿರಲಿಲ್ಲ. ಫೋಟೋ ಕಳಿಸಿ 'ಹಾಕ್ಕೋ' ಅಂದವನು ನಾನು, ದಂಡ ಕಟ್ಟಿದ್ದು ಅಕ್ಕ.

ಹಾಗಂತ ಹುಡುಗರಿಗೆ ಹಾಕಬೇಡಿ ಅಂತ ಹೇಳಲ್ಲ. ಹಾಕಿದ ಮಾರನೇ ದಿನ ಬೆಳಗ್ಗೆ ಅವರ ಮನೆ ಮುಂದೆ ನಾವಿರಬೇಕು ಅಂತ ಹೇಳ್ತೀನಿ.

ಭಾನುವಾರ ಊರಿಗೆ ಹೋಗ್ತಿದ್ದೀನಿ. ದೂರು ಕೊಡೋದಾ ಬೇಡ್ವಾ ಅನ್ನೋದು ಅಕ್ಕನ ತೀರ್ಮಾನ. ಕೊಡ್ತೀನಿ ಅಂದ್ರೆ ಠಾಣೆವರೆಗೂ ಜೊತೆಗೆ ಜನ ಬೇಕು. ಬರೋರು ಇನ್‌ಬಾಕ್ಸಿಗೆ ಬನ್ನಿ. ಈ ಪೋಸ್ಟಿಗೆ ಲೈಕ್ ಬೇಡ.

ಜೈಭೀಮ್.