ಪಾಟಿಗೆ ಬಂದ ಟಪಾಲು

ಬಂದ ಕಾಗದವನ್ನು ಓದಿ, ತೊಲೆಗೆ ತೂಗುಬಿಟ್ಟ ತಂತಿಗೆ ಚುಚ್ಚಿದರೆ ಮುಗಿಯಿತು. ಅದು ಇರುವುದು ಅಲ್ಲೊಂದೇ ಕಡೆ ಎಂಬುದು ನಮ್ಮ ಹಿರಿಯರ ಎಣಿಕೆ. ಮಿಂಚಂಚೆಯ ಕಾಗದ ಇರುವುದೆಲ್ಲಿ? ಕನ್ನಡದ ಎಂ.ಎ. ಪದವಿ ಇದಕ್ಕೆ ಉತ್ತರ ಕಲಿಸುವುದಿಲ್ಲ. ಆದರೂ ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಲ್ಲಿರುವ ನನ್ನ ಸೋದರಮಾವನಿಗೆ ಉತ್ತರ ಹೇಳಲೇಬೇಕಾಯಿತು.

ಮಾವನ ಮಿಂಚಂಚೆ ಖಾತೆ ಹಳೆಯದು. ಅದನ್ನು ನೋಡಲು ದಾವಣಗೆರೆಯ ನಮ್ಮ ಮನೆಯ ಕಂಪ್ಯೂಟರಿನ ಮುಂದೆ ಬಂದು ಕೂರುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಮಗಳು ಒಂದು ಟ್ಯಾಬ್ಲೆಟ್ಟು ಕೊಡಿಸಿದಳು. ಮಾವ ಅದನ್ನು ‘ಪಾಟಿ’ ಎನ್ನುತ್ತಾರೆ. ಇದಕ್ಕಿಂತ ಒಳ್ಳೆಯ ಪದ ಯಾವ ಪಾರಿಭಾಷಿಕ ಕೋಶದಲ್ಲೂ ಸಿಗಲಾರದು. ಆದರೆ ಅದರಲ್ಲಿ ಖಾತೆ ಹೂಡಲು ಮಾತ್ರ ಬಿಡರು.

“ಅಲ್ಲಪ್ಪಾ, ಇದರಾಗ ತಂದ್ರೆ ಅಲ್ಲಿರೋವು ಹೋಗಿಬಿಟ್ರೆ?”

ಹೋಗಬಾರದ ಕಾಗದಗಳು ಹನ್ನೊಂದು. 2014ರಲ್ಲಿ ಮಗಳ ಬಾಣಂತನಕ್ಕೆಂದು ಹೊರದೇಶಕ್ಕೆ ಹೋಗಿದ್ದ ಅತ್ತೆ, ತಾವು ಬಾಯಲ್ಲಿ ಹೇಳಿ ಮಗಳಿಂದ ಬರೆಸಿದವು. ಅತ್ತೆ ಈಗಿಲ್ಲ.

ಮಾವನ ಭಯ ಹುರುಳಿಲ್ಲದ್ದಲ್ಲ. ‘ಪಾಪ್’ ಎಂಬ ಹಳೆಯ ಪದ್ಧತಿಯಲ್ಲಿ ಕಾಗದವನ್ನು ಯಂತ್ರಕ್ಕೆ ಇಳಿಸಿಕೊಂಡು ದೂರದ ಪೆಟ್ಟಿಗೆಯಿಂದ ಅಳಿಸಿಬಿಡುವ ವಾಡಿಕೆಯಿತ್ತು. 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ‘ಐಮ್ಯಾಪ್’ನಲ್ಲಿ ಮೂಲ ಕಾಗದ ಸರ್ವರಿನಲ್ಲೇ ಉಳಿಯುತ್ತದೆ, ಯಂತ್ರಗಳು ಅದನ್ನು ನೋಡುವ ಕಿಟಕಿಗಳಷ್ಟೆ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜತೆಗೂಡಿ 1996ರಲ್ಲಿ ಹಾಟ್‌ಮೇಲ್ ಆರಂಭಿಸಿದ್ದೂ ಟಪಾಲನ್ನು ಯಾವ ಊರಿನ ಯಂತ್ರದಲ್ಲಾದರೂ ನೋಡುವಂತಾಗಲೆಂದೇ. ಸೇತುವೆಯಿಂದ ನೋಡಿದರೂ ದಂಡೆಯಿಂದ ನೋಡಿದರೂ ತುಂಗಭದ್ರೆ ಒಂದೇ ಅಲ್ಲವೇ ಎಂದೆ.

“ನೋಡಿದ್ರೆ ಒಂದೇ. ಅಳಿಸಿದ್ರೆ?”

ಮೇಷ್ಟರಾದವನಿಗೆ ಇಂಥ ವಿದ್ಯಾರ್ಥಿ ಸಿಗಬಾರದು! ಪಾಟಿಯಲ್ಲಿ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ, ನಿಜ. ಹನ್ನೊಂದನ್ನೂ ಅಚ್ಚು ಹಾಕಿಸಿ ತಂದುಕೊಡುತ್ತೇನೆಂದು ಮಾತುಕೊಟ್ಟ ಮೇಲೆಯೇ ಪಾಟಿ ನನ್ನ ಕೈಗೆ ಬಂತು.

ವಿಳಾಸ ಒತ್ತಿದೆ, ಪಾಸ್‌ವರ್ಡ್ ಒತ್ತಿದೆ. ಗುರುತಿನ ಅಂಕಿ ಮಾವನ ಮೊಬೈಲಿಗೆ ಬರಬೇಕು; ಮೊಬೈಲು ದನದ ಕೊಟ್ಟಿಗೆಯಲ್ಲಿ ಸಿಕ್ಕಿತು. ಆಮೇಲೆ ಬ್ಯಾಂಕಿನ ಜಾಹೀರಾತುಗಳು ಸಾಲಾಗಿ ಮೂಡಿದವು. ಅತ್ತೆಯ ಕಾಗದ ಒಂದೂ ಇಲ್ಲ. ಮಾವ ಮಾತಾಡಲಿಲ್ಲ, ಹೆಗಲ ಮೇಲಿನ ಟವೆಲು ತೆಗೆದು ಮಡಚತೊಡಗಿದರು.

ಜಾಗ ಉಳಿಸಲೆಂದು ಪಾಟಿ ಕಳೆದ 30 ದಿನಗಳ ಟಪಾಲನ್ನಷ್ಟೇ ಇಳಿಸಿಕೊಂಡಿತ್ತು. ಹುಡುಕುವ ಜಾಗದಲ್ಲಿ ಮಗಳ ಹೆಸರು ಬರೆದು ವರ್ಷ ಹಾಕಿದೆ. ಚಕ್ರ ತಿರುಗಿತು, ಹಳ್ಳಿಯ ಸಿಗ್ನಲ್ಲಿಗೆ ತಕ್ಕಂತೆ ನಿಧಾನವಾಗಿ. ಬಂದವು. ಮಾವ ಎರಡು ಸಲ ಎಣಿಸಿದರು: ಹನ್ನೊಂದು.

ಮೊದಲನೆಯದನ್ನು ನಾನೇ ಓದಿದೆ. ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟಿದ್ದೀರೋ ಇಲ್ಲವೋ ಎಂದು ಅತ್ತೆ ಕೇಳಿದ್ದರು.

“ಕಟ್ಟಿದ್ದೆ” ಎಂದರು ಮಾವ, ಪಾಟಿಗೆ.